ವಧುಪರೀಕ್ಷೆಗೆ ಬಂದ ಕೋಷ್ಟಕ

ನಮ್ಮ ಸೋದರಮಾವನ ಮುಂದೆ ಯಾರೂ ನಿಶ್ಚಿಂತೆಯಿಂದ ಆಕಳಿಸುವಂತಿರಲಿಲ್ಲ. ಆಕಳಿಸಿದರೆ ಬರೆದುಕೊಳ್ಳುತ್ತಿದ್ದರು! ಎಪ್ಪತ್ತರ ದಶಕದ ಕೊನೆಯಲ್ಲಿ ನ್ಯಾಮತಿಯಲ್ಲಿ ಮೇಷ್ಟ್ರಾಗಿದ್ದ ಇವರು ಬೇಸಿಗೆಯ ತರಬೇತಿಗೆ ಹೋಗಿ, ಮಕ್ಕಳ ನಡವಳಿಕೆ ಗಮನಿಸಿ ಕೋಷ್ಟಕದಲ್ಲಿ ತುಂಬುವ ವಿದ್ಯೆ ಕಲಿತು ಬಂದರು. ಶಾಲೆಗೆ ಇನ್ನೂ ರಜೆ. ಮಕ್ಕಳು ಸಿಗಲಿಲ್ಲವೆಂದು ಕಲಿತ ವಿದ್ಯೆಗೆ ತುಕ್ಕು ಹಿಡಿಸುವುದೇ? ನೆಂಟರು ಇರುವುದು ಯಾತಕ್ಕೆ?

ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಂಜಿಯಿಂದ ಒಂದಕ್ಕೊಂದು ಅಂಟಿಸಿ, ಅತ್ತೆಯ ಲಟ್ಟಣಿಗೆಯನ್ನೇ ರೂಲುದೊಣ್ಣೆ ಮಾಡಿಕೊಂಡು ಹಿಂಬದಿಗೆ ಗೆರೆ ಎಳೆದರು. ಮೇಲೆ ನಡವಳಿಕೆ, ಎಡಕ್ಕೆ ನೆಂಟರ ಹೆಸರು. ಪಡಸಾಲೆಯಲ್ಲಿ ಬಿಚ್ಚಿದರೆ ತುದಿ ಅಡುಗೆಮನೆಯ ಹೊಸ್ತಿಲು ಮುಟ್ಟುತ್ತಿತ್ತು. ಅತ್ತೆ ಬಗ್ಗಿ ನೋಡಿ ಒಂದು ಚೌಕದ ಮೇಲೆ ಬೆರಳಿಟ್ಟರು.

"ಈ ಮನೆ ಯಾತರದ್ರಿ?"

"ನಿನ್ನ ಸಿಟ್ಟಿಂದು."

"ಇಷ್ಟೇ ಇಷ್ಟು ಜಾಗದಾಗೆ ನನ್ನ ಸಿಟ್ಟು ಹಿಡಿಸತೈತೇನ್ರಿ?" ಎಂದು ಅತ್ತೆ ಲಟ್ಟಣಿಗೆ ಕಿತ್ತುಕೊಂಡು ಹೋದರು. ಮಾವ ಅದನ್ನೂ ಬರೆದುಕೊಂಡರು.

ಹೊನ್ನಾಳಿಯ ನಮ್ಮ ಮನೆಗೆ ಅಕ್ಕನನ್ನು ನೋಡಲು ಸೊಕ್ಕೆಯಿಂದ ಗಂಡಿನವರು ಬಂದ ದಿನ, ಮಾವ ಸುರುಳಿ ಸಮೇತ ಬೆಳಗಿನ ಬಸ್ಸಿಗೇ ಹಾಜರ್! "ಇವತ್ತೊಂದಿನ ಅದನ್ನ ಬಿಚ್ಚಬ್ಯಾಡ್ರಿ, ಕೈ ಮುಗೀತೀನಿ" ಎಂದರು ಅಪ್ಪ. ಮಾವ ಒಪ್ಪಿ, ಒಳಕೋಣೆಯ ಬಾಗಿಲ ಮರೆಯಲ್ಲಿ ಕೂತು ಬಿಚ್ಚಿದರು. ಹುಡುಗ ಮಂಡಕ್ಕಿ ಜೊತೆ ಮೆಣಸಿನಕಾಯಿ ಕಚ್ಚಿ ಕಣ್ಣೀರು ಹಾಕಿದ, ಒಂದು ಗೀಟು. ಅವನಪ್ಪ ಚಹಾ ಬಸಿಗೆ ಸುರಿದು ಸೊರ್ ಎಂದು ಹೀರಿದರು, ಇನ್ನೊಂದು ಗೀಟು. ಅಷ್ಟರಲ್ಲಿ ಬಾಗಿಲ ಸಂದಿಯಿಂದ ಹಾಳೆಯ ತುದಿ ಅವರ ಕಾಲಿಗೇ ಬಂದು ತಗುಲಿತು.

"ಒಳಗ್ಯಾರ್ರೀ?"

"ಹುಡುಗಿ ಸೋದರಮಾವ ರೀ. ಜಾತಕ ನೋಡ್ತಾ ಅದಾರೆ" ಎಂದರು ಅಪ್ಪ.

"ಇಷ್ಟುದ್ದ ಜಾತಕಾನಾ!"

ಅಂತೂ ಮಾತುಕತೆ ಕುದುರಿತು. ಇನ್ನೇನು ತಾಂಬೂಲದ ತಟ್ಟೆ ಕೈ ಬದಲಾಗಬೇಕು, ಅಷ್ಟರಲ್ಲಿ ಮಾವ ಹಾಳೆ ಎಳೆದುಕೊಂಡೇ ಹೊರಗೆ ಬಂದರು. "ತಡೀರಿ. ಹುಡುಗಿ ಸಾಲಿನಾಗೆ ಏನೂ ಬರಿಯಾಕೆ ಆಗಿಲ್ಲ. ಬಂದಾಗಿಂದ ತಲೆನೇ ಎತ್ತಿಲ್ಲ ಆಕಿ. ಹುಡುಗನ್ನ ನೋಡೇ ಇಲ್ಲ."

"ಹೆಣ್ಮಕ್ಕಳು ಹಂಗೆಲ್ಲ ನೋಡ್ತಾರೇನ್ರಿ?" ಅಪ್ಪ ಹಲ್ಲು ಕಚ್ಚಿದರು. ಹುಡುಗನ ತಂದೆ ಎದ್ದು ನಿಂತರು. ಸಂಬಂಧ ಮುರಿದೇ ಹೋಯಿತೆಂದು ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ನನಗಂತೂ ಆ ಹಾಳೆಯನ್ನು ಒಲೆಗೆ ಹಾಕಬೇಕೆನ್ನುವಷ್ಟು ಸಿಟ್ಟು ಬಂತು.

ಮಾವ ಅಕ್ಕನ ಮುಂದೆ ಕುಕ್ಕರುಗಾಲಲ್ಲಿ ಕೂತರು. "ಬಾಳಾಕೆ ಹೋಗಾಕಿ ನೀನವ್ವ. ನೋಡಾಕೆ ಮನಸೈತಾ?"

ಇಷ್ಟೆಲ್ಲ ಮಾತುಕತೆಯಲ್ಲಿ ಅವಳನ್ನು ಯಾರಾದರೂ ಏನಾದರೂ ಕೇಳಿದ್ದೆವೆ? ಅಕ್ಕ ತಲೆ ತಗ್ಗಿಸಿಯೇ ಹೇಳಿದಳು. "ಐತೆ ಮಾವ. ಎಲ್ಲಾರೂ ನನ್ನೇ ನೋಡ್ತಾ ಕುಂತ್ರೆ ಹೆಂಗೆ ನೋಡ್ಲಿ?"

ಮಾವ ಎದ್ದರು. "ಎಲ್ಲಾರೂ ಗೋಡೆ ಕಡೆ ತಿರುಗ್ರಿ!"

ಮೇಷ್ಟ್ರ ದನಿ! ಹುಡುಗನೊಬ್ಬನನ್ನು ಬಿಟ್ಟು ಎಲ್ಲರೂ ತಿರುಗಿದೆವು. ಬೀಗರಾಗುವವರೂ ಗೊಣಗುತ್ತ ತಿರುಗಿದರು. ಮಾವ ಪೆನ್ಸಿಲ್ಲು ಜೇಬಿಗಿಟ್ಟು, ನನ್ನ ಪಕ್ಕದಲ್ಲೇ ಗೋಡೆಗೆ ಹಣೆ ಹಚ್ಚಿ ಕಣ್ಣು ಮುಚ್ಚಿಕೊಂಡರು. "ನೋಡವ್ವ, ಎಷ್ಟೊತ್ತು ಬೇಕಾದ್ರೂ ನೋಡು."

ಸ್ವಲ್ಪ ಹೊತ್ತಿಗೆ ಬೆನ್ನ ಹಿಂದೆ ಅಕ್ಕ ಕಿಸಕ್ಕನೆ ನಕ್ಕಳು. ಮಾವ ಕಣ್ಣು ತೆರೆಯಲಿಲ್ಲ. ಮುಚ್ಚಿದ ರೆಪ್ಪೆಯ ಅಡಿಯಿಂದ ನೀರು ಇಳಿಯುತ್ತಿತ್ತು.