ಗ್ಯಾಸ್ ಮಾಸ್ಕಿನ ಏಜೆನ್ಸಿ ಹಿಡಿದ ವಾರ

ಅಂಗಡಿ ಬಾಗಿಲು ತೆಗೆದು ಕೂತವನು ನಗುವ ಪ್ರಸಂಗವನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಗಿರಾಕಿಗಿಂತ ಮೊದಲೇ ಅದು ಬಂದು ಮೆಟ್ಟಿಲ ಮೇಲೆ ನಿಂತಿರುತ್ತದೆ. ಶಿರಸಿಯಲ್ಲಿ ಗೊಬ್ಬರ, ಔಷಧಿ, ಪಂಪಿನ ವ್ಯಾಪಾರ ಮಾಡಿದ ನನಗೆ ಅಂಥವು ಬೇಕಾದಷ್ಟು ಸಿಕ್ಕಿವೆ. ಆದರೆ ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಗೋದಾಮೇ ಲ್ಯಾಬ್ ಆಗಿದ್ದ ಆ ಒಂದು ವಾರದಂಥದ್ದು ಮತ್ತೆ ಬರಲಿಲ್ಲ.

ಸೈನ್ಯಕ್ಕೆ ವಿಷಗಾಳಿಯ ಮಾಸ್ಕ್ ಮಾಡಿಕೊಡುವ ಒಂದು ಕಂಪನಿ ಅದೇ ಮಾಲನ್ನು ಸ್ವಲ್ಪ ಹಗುರ ಮಾಡಿ, ತೋಟಕ್ಕೆ ಔಷಧಿ ಹೊಡೆಯುವವರಿಗೂ ಗೋದಾಮಿನಲ್ಲಿ ಹುಳ ಸಾಯಿಸುವ ಗ್ಯಾಸಿನ ಗುಳಿಗೆ ಇಡುವವರಿಗೂ ಮಾರಲು ಹೊರಟಿತ್ತು. ನಮ್ಮ ಕಡೆಯ ತೇವದ ಹವೆಯಲ್ಲಿ ಅದು ನಿಲ್ಲುತ್ತದೋ ಇಲ್ಲವೋ ನೋಡಲು ಲ್ಯಾಬಿನಿಂದ ಒಬ್ಬ ಸರ್ ಬಂದರು. ಪಾಸಾದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನ ಏಜೆನ್ಸಿ ನನಗೆ. ನಪಾಸಾದರೆ ಬೇರೆ ಕಂಪನಿಯ ಮಾಸ್ಕ್ ತರಿಸಲು ಎದುರಂಗಡಿಯವ ತಯಾರಾಗಿ ಕೂತಿದ್ದ. ಅವನೂ ನಮ್ಮ ಬನವಾಸಿ ಕಡೆಯವನೇ. ನನ್ನ ಅಂಗಡಿಗೆ ಯಾರು ಬಂದರು, ಏನು ಒಯ್ದರು ಎಂಬುದು ನನಗಿಂತ ಮೊದಲು ಅವನಿಗೆ ಗೊತ್ತಾಗುತ್ತಿತ್ತು.

ಬಾಳೆಹಣ್ಣು

ಸರ್ ಗೋದಾಮಿನೊಳಗೆ ಪ್ಲಾಸ್ಟಿಕ್ ಹಾಳೆಯಿಂದ ಒಂದು ಗುಡಾರ ಕಟ್ಟಿದರು. ಒಳಗೆ ಬಾಳೆಹಣ್ಣಿನ ವಾಸನೆಯ ಎಣ್ಣೆಯಲ್ಲಿ ಅದ್ದಿದ ಬಟ್ಟೆ ತೂಗುಹಾಕಿದರು. ಮಾಸ್ಕ್ ಹಾಕಿಕೊಂಡು ಒಳಗೆ ನಿಲ್ಲಬೇಕು, ಬಾಳೆಹಣ್ಣಿನ ವಾಸನೆ ಬಂದರೆ ಹೇಳಬೇಕು. ಬಂತು ಅಂದರೆ ಮಾಸ್ಕ್ ಸೋರುತ್ತಿದೆ ಅಂತ ಅರ್ಥ.

ಪರಿಚಯದ ಗಿರಾಕಿಗಳನ್ನೇ ಕರೆಸಿದ್ದೆ. ಒಬ್ಬರಾದ ಮೇಲೆ ಒಬ್ಬರು ಹೊಕ್ಕು ಬಂದರು. ಯಾರಿಗೂ ವಾಸನೆ ಬರಲಿಲ್ಲ. ಸರ್‌ಗೆ ಖುಷಿಯೋ ಖುಷಿ. ನನಗೆ ಮಾತ್ರ ಸಂಶಯ. ಬಂದ ಮಾಲೆಲ್ಲ ಒಳ್ಳೆಯದೇ ಆಗಿದ್ದನ್ನು ನನ್ನ ಜನ್ಮದಲ್ಲಿ ಕಂಡಿಲ್ಲ. ವಜ್ರಳ್ಳಿಯ ಒಬ್ಬ ಹೆಗಡೇರನ್ನು ಮಾಸ್ಕ್ ಇಲ್ಲದೆಯೇ ಒಳಗೆ ಕಳಿಸಿದೆ. ಅವರು ಆರಾಮಾಗಿ ನಿಂತು ಹೊರಗೆ ಬಂದು, ಇಲ್ಲ, ವಾಸನೆ ಬರಲಿಲ್ಲ ಅಂದರು.

ಸರ್ ಗಾಬರಿಯಾಗಿ, ನಿಮಗೆ ಮೂಗು ಕಟ್ಟಿದೆಯಾ ಅಂತ ಕೇಳಿದರು.

"ಮೂಗಿಗೆ ಎಂತ ಆಗಿದ್ದು? ಒಳಗೆ ಏನೋ ಘಾಟು ಉಂಟು. ಆದರೆ ಅದು ಬಾಳೆಹಣ್ಣಲ್ಲ ಮಾರಾಯ್ರೆ. ಮಿಟ್ಲಿ ಅಲ್ಲ, ಕರಿಬಾಳೆ ಅಲ್ಲ. ಇಲ್ಲದ್ದನ್ನ ಉಂಟು ಅಂತ ಹ್ಯಾಂಗೆ ಹೇಳೂದು?"

ಉಳಿದವರೂ ಹೌದೆಂದು ತಲೆ ಆಡಿಸಿದರು. ಯಾವ ವಾಸನೆ ಬಂದರೂ ಹೇಳಿ ಎಂದು ಕೇಳಿ, ಸರ್ ಮತ್ತೆ ಮೊದಲಿಂದ ಪರೀಕ್ಷೆ ಮಾಡಿದರು. ಈ ಸಲ ನಿಜವಾಗಿಯೇ ಪಾಸಾಯಿತು. ಮರುದಿನ ಹೆಗಡೇರು ಒಂದು ಚಿಪ್ಪು ಮಿಟ್ಲಿ ಬಾಳೆಹಣ್ಣು ತಂದು ಸರ್ ಕೈಗಿಟ್ಟು, "ಲ್ಯಾಬಿಗೆ ತಗಂಡು ಹೋಗಿ, ಅವರಿಗೂ ಒಮ್ಮೆ ಗೊತ್ತಾಗಲಿ" ಅಂದರು.

ಪೆಟ್ಟಿಗೆ ಕೂಗಿತು

ಮಾಸ್ಕಿನ ಜೊತೆ ಒಂದು ಸಣ್ಣ ಪೆಟ್ಟಿಗೆಯೂ ಬಂದಿತ್ತು. ಗುಳಿಗೆಯ ಗ್ಯಾಸ್ ಗೋದಾಮಿನಲ್ಲಿ ಉಳಿದಿದ್ದರೆ ಅದು ಕೂಗುತ್ತದೆ. ಇಡೀ ಬೆಳಿಗ್ಗೆ ತೆಪ್ಪಗಿದ್ದದ್ದು, ಹೆಗ್ಗರಣೆಯ ಮುದುಕರೊಬ್ಬರು ಒಳಗೆ ಬಂದದ್ದೇ ಕೂಗಲು ಶುರು ಮಾಡಿತು. ಸರ್ ಎಲ್ಲರನ್ನೂ ರಸ್ತೆಗೆ ಅಟ್ಟಿದರು. ಎದುರಂಗಡಿಯವ ಕಟ್ಟೆ ಮೇಲೆ ನಿಂತು, ನಮ್ಮ ಗೋದಾಮಿನಲ್ಲಿ ವಿಷ ಸೋರಿದೆ ಅಂತ ಪೇಟೆಗೆಲ್ಲ ಕೇಳುವಂತೆ ಹೇಳಿದ. ಗಿರಾಕಿಗಳು ಅತ್ತ ಸರಿಯತೊಡಗಿದರು.

ನೋಡಿದರೆ, ಮುದುಕರು ಹೊರಗೆ ಹೋದ ಕೂಡಲೇ ಪೆಟ್ಟಿಗೆಯೂ ಸುಮ್ಮನಾಗಿತ್ತು. ಅವರ ಕೈಚೀಲದ ಹತ್ತಿರ ಹಿಡಿದೆ, ಮತ್ತೆ ಕೂಗಿತು. ಚೀಲದಲ್ಲಿದ್ದದ್ದು ತಿಂಗಳುಗಟ್ಟಲೆ ನೀರಲ್ಲಿ ನೆನೆಹಾಕಿದ ಅಡಿಕೆ. ತಿನ್ನುವವರಿಗೆ ಅಮೃತ, ಪಕ್ಕದಲ್ಲಿ ಕೂತವರಿಗೆ ಕೊಳೆತ ಮೊಟ್ಟೆ. ಅಂಥ ನಾತದ ಗ್ಯಾಸಿಗೂ ಈ ಪೆಟ್ಟಿಗೆ ಕೂಗುತ್ತದೆ ಅಂತ ಸರ್ ಒಪ್ಪಿಕೊಂಡರು. ಮುದುಕರಿಗೆ ಸಿಟ್ಟು ಬಂತು. ಬೀಗರ ಮನೆಗೆ ಅಂತ ಒಯ್ಯುತ್ತಿದ್ದದ್ದನ್ನು ವಿಷ ಅಂದರೆ ಯಾರು ಸಹಿಸುತ್ತಾರೆ?

ಅವರು ಹಗ್ಗ ಕೊಳ್ಳಲು ಎದುರಂಗಡಿಗೆ ಹೊರಟರು. ನಾನು ಪೆಟ್ಟಿಗೆ ಹಿಡಿದುಕೊಂಡು ಹಿಂದೆಯೇ ಹೋದೆ. ಅಲ್ಲಿ ಅದು ಇನ್ನೂ ಜೋರಾಗಿ ಕೂಗಿತು. ಅವನ ಗಿರಾಕಿಗಳೆಲ್ಲ ನಮ್ಮ ಕಟ್ಟೆಗೆ ಬಂದು ನಿಂತರು.

ಒಂದು ನಿಮಿಷ ಮಾತಾಡಿ

ಮಾತಾಡುವಾಗ ದವಡೆ ಅಲ್ಲಾಡಿದರೂ ಮಾಸ್ಕ್ ಸೋರಬಾರದು. ಅದಕ್ಕೆ ಒಬ್ಬರು ಗುಡಾರದಲ್ಲಿ ನಿಂತು ಒಂದು ನಿಮಿಷ ಮಾತಾಡಬೇಕಿತ್ತು. ನಾನು ಕಳಿಸಿದ್ದು ಸಿದ್ದಾಪುರ ಕಡೆಯ ತಾಳಮದ್ದಲೆಯ ಅರ್ಥಧಾರಿಯನ್ನು. ಅವರು ಕೃಷ್ಣನಾಗಿ ಸಂಧಾನಕ್ಕೆ ಹೊರಟವರು ಹಸ್ತಿನಾವತಿ ಮುಟ್ಟುವಷ್ಟರಲ್ಲಿ ಸರ್ ಎರಡು ಸಲ ಚಾ ಕುಡಿದಿದ್ದರು. ಕೊನೆಗೆ ಮಾಸ್ಕ್ ಭರ್ಜರಿಯಾಗಿ ಪಾಸು. ಕೌರವ ಮಾತ್ರ ಒಪ್ಪಲಿಲ್ಲ.

ಕೊನೆಯ ದಿನ

ಕೊನೆಯ ದಿನ ಬೆಳಿಗ್ಗೆ ಎಲ್ಲ ಸರಿಯಿತ್ತು. ಊಟವಾದ ಮೇಲೆ ಮತ್ತೆ ಹೊಕ್ಕವರಿಗೆಲ್ಲ ಘಾಟು ಬರತೊಡಗಿತು. ಒಬ್ಬರಿಗೆ ಎಡಗಡೆಯಿಂದ, ಒಬ್ಬರಿಗೆ ಬಲಗಡೆಯಿಂದ. ಸರ್ ಪೆನ್ನು ತೆಗೆದರು. ರಬ್ಬರು ತೇವಕ್ಕೆ ಸಡಿಲಾಗಿದೆ, ನಪಾಸು ಅಂತ ಬರೆಯುವುದು ಬಿಟ್ಟು ದಾರಿಯಿಲ್ಲ ಅಂದರು. ಎದುರಂಗಡಿಯವ ಆಗಲೇ ನಮ್ಮ ಬಾಗಿಲಿಗೆ ಬಂದು, ಸರ್ ಬಸ್ಸಿಗೆ ಹೋಗುವಾಗ ತನ್ನಲ್ಲೂ ಒಂದು ಚಾ ಕುಡಿಯಬೇಕು ಅಂತ ಕರೆದ.

ಒಂದು ಊಟದ ಹೊತ್ತಿನಲ್ಲಿ ರಬ್ಬರು ಕೆಡುವುದುಂಟೇ? ನಾನು ಮಾಸ್ಕ್ ಬಿಟ್ಟು ಮುಖಗಳನ್ನು ನೋಡಿದೆ. ಎಡಗಡೆ ಸೋರಿದವರ ಎಡಗೆನ್ನೆ ಉಬ್ಬಿತ್ತು, ಬಲಗಡೆ ಸೋರಿದವರ ಬಲಗೆನ್ನೆ. ಊಟದ ಮೇಲೆ ಎಲ್ಲರೂ ಎಲೆ ಅಡಿಕೆ ಸುಣ್ಣ ಹಚ್ಚಿ ಒಳ್ಳೆ ಗಟ್ಟಿ ಕವಳ ಹಾಕಿ ದವಡೆಗೆ ಒತ್ತಿಕೊಂಡು ಬಂದಿದ್ದರು.

"ಎಲ್ಲಾರೂ ಉಗುಳಿ ಬರ್ರಿ," ಅಂದೆ.

ಉಗುಳಿ ಬಂದರು, ಬಾಯಿ ತೊಳೆದುಕೊಂಡು ಮಾಸ್ಕ್ ಹಾಕಿದರು. ಒಬ್ಬರಿಗೂ ವಾಸನೆ ಬರಲಿಲ್ಲ. ಸರ್ ಅಲ್ಲಿಯೇ ಪಾಸು ಅಂತ ಬರೆದು, ಕವಳ ಹಾಕಿಕೊಂಡು ಧರಿಸಬಾರದು ಎಂದು ಕೆಳಗೊಂದು ಸಾಲು ಸೇರಿಸಿದರು. ಮೂರೂ ತಾಲೂಕು ನನ್ನವಾದವು.

ಎದುರಂಗಡಿಯವ ಆ ಸಾಲು ಓದಿ ನಕ್ಕ. "ಏಜೆನ್ಸಿ ನೀನ ಇಟಗೋ. ಕವಳ ಬಿಟ್ಟು ಇದನ್ನ ಹಾಕ್ಕೊಳ್ಳೋ ಗಂಡಸ್ರು ಈ ಮೂರು ತಾಲೂಕಿನಾಗ ಎಲ್ಲದಾರ?"

ಮಾತು ಸುಳ್ಳಲ್ಲ. ಗಂಡಸರು ಬಂದು ತಿರುಗಿಸಿ ನೋಡಿ, ಆ ಸಾಲಿನ ವಿಷಯ ಕೇಳಿ, ಮತ್ತೆ ಬರ್ತೇನೆ ಅಂತ ಹೋದರು. ಮಾಲು ಇಟ್ಟಲ್ಲೇ ಇತ್ತು. ಆಮೇಲೊಂದು ದಿನ ಸೋಂದಾ ಕಡೆಯ ಇಬ್ಬರು ಹೆಂಗಸರು ಬಂದರು. ಹಾಕಿಕೊಂಡರೆ ಕವಳ ಹಾಕಲು ಬರುವುದಿಲ್ಲವಂತೆ, ಅದನ್ನು ತೋರಿಸಿ ಅಂದರು. ಪಟ್ಟಿ ಎಳೆದು ನೋಡಿದರು, ಗಂಡಸರಿಗೆ ಸುಲಭಕ್ಕೆ ಬಿಚ್ಚಲು ಆಗುತ್ತದೋ ಅಂತ ವಿಚಾರಿಸಿದರು. ಸಂಜೆಯೊಳಗೆ ಅವರ ಓರಗಿತ್ತಿಯರು, ನೆರೆಮನೆಯವರು ಎಲ್ಲ ಬಂದರು. ಆ ವಾರ ಮಾಸ್ಕ್ ಪೆಟ್ಟಿಗೆಗಟ್ಟಲೆ ಖಾಲಿಯಾಯಿತು. ಎದುರಂಗಡಿಯವನ ಹೆಂಡತಿಯೂ ಹಿಂದಿನ ಬಾಗಿಲಿಂದ ಒಂದು ತರಿಸಿಕೊಂಡಳು.

ಮೊದಲು ಬಂದ ಇಬ್ಬರಲ್ಲಿ ಹಿರಿಯಾಕೆ ಹೊರಡುವಾಗ ಮೆಟ್ಟಿಲ ಮೇಲೆ ನಿಂತು ಕೇಳಿದ್ದು ಇದೊಂದೇ:

"ಸಾವ್ಕಾರ್ರೇ, ಔಷಧಿ ಹೊಡೀದೇ ಇದ್ದ ದಿನವೂ ಇದನ್ನ ಅವ್ರಿಗೆ ಹಾಕ್ಸಲಿಕ್ಕೆ ಅಡ್ಡಿ ಇಲ್ಲ ಅಲ್ದಾ?"