ಪರೀಕ್ಷೆ ಪಾಸಾದ ಮೈಕ್ ಸ್ಟ್ಯಾಂಡು

ಮೈಕ್ ಸ್ಟ್ಯಾಂಡ್ ಆರಿಸುವುದರಲ್ಲಿ ನನ್ನನ್ನು ಮೀರಿಸುವವರು ಇನ್ನೂ ಹುಟ್ಟಿಲ್ಲ, ಹುಟ್ಟುವ ಲಕ್ಷಣವೂ ಇಲ್ಲ ಎಂದು ಊಟದ ಮೇಜಿನ ಮುಂದೆ ಎದ್ದು ನಿಂತು ಘೋಷಿಸಿದೆ. ಸಭೆಯಲ್ಲಿದ್ದವಳು ನನ್ನ ಹೆಂಡತಿ ಒಬ್ಬಳೇ. ಅವಳು ತಟ್ಟೆ ಒರೆಸುತ್ತಿದ್ದವಳು ಒರೆಸುತ್ತಲೇ ಇದ್ದಳು.

"ಅಂಗಡಿಯವನು ಕೊಟ್ಟಿದ್ದನ್ನ ತಗೊಂಡು ಬಂದ್ರೆ ಸಾಕು," ಎಂದಳು.

"ಅಂಗಡಿಯವನು ಕೊಟ್ಟಿದ್ದನ್ನ ತರೋಕೆ ನಾನೇ ಆಗ್ಬೇಕಾ?"

"ನಾನೂ ಅದನ್ನೇ ಯೋಚಿಸ್ತಿದೀನಿ. ತಮ್ಮನ್ನ ಕಳಿಸ್ಲಾ?"

ತಮ್ಮನೆಂದರೆ ಕೊಳಲೂದುವ ನನ್ನ ಭಾವಮೈದುನ. ಅವನ ಮಾತೆತ್ತಿದರೆ ನನ್ನ ಪೌರುಷ ಕೆರಳುತ್ತದೆಂದು ಅವಳಿಗೆ ಗೊತ್ತು. ನಾನು ತಕ್ಷಣ ಚಪ್ಪಲಿ ಮೆಟ್ಟಿಕೊಂಡೆ.

ನನ್ನ ಹಮ್ಮಿಗೆ ಕಾರಣವಿತ್ತು. ಬೀಗದ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ನನ್ನ ನೌಕರಿ. ಸಾಲಿನಿಂದ ಒಂದು ಬೀಗ ಎತ್ತಿಕೊಳ್ಳುವುದು, ತಿರುಗಿಸುವುದು, ಜಗ್ಗುವುದು, ಸುತ್ತಿಗೆಯಲ್ಲಿ ಬಡಿಯುವುದು, ಅದು ಪ್ರಾಣ ಬಿಟ್ಟ ಮೇಲೆ ಗುಜರಿ ಡಬ್ಬಕ್ಕೆ ಎಸೆದು ಅದರ ಒಡಹುಟ್ಟಿದವುಗಳಿಗೆಲ್ಲ ಬಾಳಿಕೆಯ ಮುದ್ರೆ ಒತ್ತುವುದು, ಇಷ್ಟಕ್ಕೇ ನನಗೆ ಸಂಬಳ. ಬೀಗಗಳೇ ನನ್ನನ್ನು ಕಂಡರೆ ನಡುಗುವಾಗ ಯಃಕಶ್ಚಿತ್ ಒಂದು ಸ್ಟ್ಯಾಂಡು ಏನು ಮಹಾ!

ಆದರೆ ಕೆಲಸ ಹಗುರದ್ದಾಗಿರಲಿಲ್ಲ. ನನ್ನವಳು ಬಡಾವಣೆಯ ಗಾಯನ ತಂಡದಲ್ಲಿ ವರ್ಷಗಟ್ಟಲೆ ಹಿಂದಿನ ಸಾಲಿನಲ್ಲಿ ನಿಂತು, ಮುಂದಿನವರ ಬೆನ್ನು ನೋಡುತ್ತ ಹಾಡಿದವಳು. ಈಗ ಮೊಟ್ಟಮೊದಲ ಬಾರಿಗೆ ಅವಳೊಬ್ಬಳದೇ ಕಾರ್ಯಕ್ರಮ ನಿಗದಿಯಾಗಿತ್ತು. ಕೈಯಲ್ಲಿ ಗಿಟಾರು, ಪಕ್ಕದಲ್ಲಿ ತಮ್ಮನ ಕೊಳಲು, ಎದುರಿಗೆ ತುಂಬಿದ ಸಭಾಂಗಣ. ಅವಳ ದನಿಯೋ ಬಲು ಮೆದು. ಮೈಕು ಬಾಯಿಂದ ಒಂದು ಗೇಣು ಆಚೆ ಸರಿದರೂ ಆ ಹಾಡು ಅವಳೊಬ್ಬಳಿಗೇ ಕೇಳುತ್ತದೆ. ಸಭಾಂಗಣದ ಸ್ಟ್ಯಾಂಡುಗಳು ಮೈತುಂಬ ಟೇಪು ಸುತ್ತಿಸಿಕೊಂಡ ಗಾಯಾಳುಗಳು; "ನಿಮ್ಮದೇ ತಂದ್ಕೊಳ್ಳಿ" ಎಂದು ಅಲ್ಲಿಯವರು ಮೊದಲೇ ಕೈತೊಳೆದುಕೊಂಡಿದ್ದರು. ಅವಳು ಬಟ್ಟೆ ಮಡಿಸುವಾಗಲೂ ಬಾಗಿಲು ಹಾಕುವಾಗಲೂ "ಯಾರಿಗೂ ಕೇಳಿಸ್ದೇ ಹೋದ್ರೆ?" ಎನ್ನುತ್ತಿದ್ದಳು.

ಅಂಗಡಿಯಾತ ಮೊದಲು ತೋರಿಸಿದ್ದಕ್ಕೆ ಬುಡದಲ್ಲಿ ದುಂಡನೆಯ ಕಬ್ಬಿಣದ ತಟ್ಟೆಯಿತ್ತು. ಭೂಕಂಪಕ್ಕೂ ಜಗ್ಗದು, ಸರಿ. ಆದರೆ ಅದನ್ನು ಎತ್ತಲು ತಂಡದಲ್ಲಿ ಒಬ್ಬ ಪೈಲ್ವಾನ ಬೇಕು, ಬೆಲೆ ಕೇಳಿದ ಮೇಲೆ ನನ್ನನ್ನು ಎತ್ತಲು ಇನ್ನೊಬ್ಬ ಬೇಕು. ಎರಡನೆಯದು ಅಗ್ಗ, ಆದರೆ ಕೀಲುಗಳೆಲ್ಲ ಪ್ಲಾಸ್ಟಿಕ್ಕು. ನಾನು ಕೆಮ್ಮಿದ್ದಕ್ಕೇ ತಲೆ ಬಾಗಿಸಿತು. ಮೂರನೆಯದಕ್ಕೆ ಮಡಚುವ ಮೂರು ಕಾಲು, ಲೋಹದ ಕೀಲು, ಒಳಗೆ ರಬ್ಬರ್ ವಾಷರು, ಮೈಕನ್ನು ಬಾಯಿಯ ತನಕ ಚಾಚುವ ಉದ್ದನೆಯ ತೋಳು. ಬೆಲೆಯೂ ನಮ್ಮ ಕೈಗೆ ಎಟಕುವಂತಿತ್ತು.

"ಇದು ಬಾಳಿಕೆ ಬರತ್ತಾ?"

"ಬರತ್ತೆ ಸಾರ್. ತಿರುಪನ್ನ ಕೈಗೆ ಬಿಗಿ ಅನ್ಸೋವಷ್ಟು ತಿರುಗಿಸಿ, ಸಾಕು. ಬಲ ಹಾಕೋಕೆ ಹೋಗ್ಬೇಡಿ."

"ನಾನು ಬೀಗದ ಕಾರ್ಖಾನೆಯವನು ಕಣಪ್ಪಾ."

"ಅದಕ್ಕೇ ಹೇಳಿದ್ದು ಸಾರ್."

ಅವನ ಮಾತನ್ನು ನಾನು ಹೊಗಳಿಕೆ ಎಂದುಕೊಂಡೆ. ಹೆಂಡತಿಗೊಂದು, ಕೊಳಲಿಗೊಂದು ಎಂದು ಒಂದೇ ಬಗೆಯ ಜೋಡಿ ಕೊಂಡು ತಂದೆ.

ಮನೆಗೆ ಬಂದವನೇ ಹೆಂಡತಿಯ ಸ್ಟ್ಯಾಂಡನ್ನು ನಡುಮನೆಯಲ್ಲಿ ನಿಲ್ಲಿಸಿ ಅಗ್ನಿಪರೀಕ್ಷೆಗೆ ಒಡ್ಡಿದೆ. ಚಾಚಿದ ತೋಳಿಗೆ ಮೊದಲು ಕೊಡೆ ನೇತುಹಾಕಿದೆ, ಜಗ್ಗಲಿಲ್ಲ. ಆಲೂಗಡ್ಡೆಯ ಚೀಲ ನೇತುಹಾಕಿದೆ, ಕೊಂಚ ಬಾಗಿತು. ಸ್ಪ್ಯಾನರ್ ತಂದು ತಿರುಪನ್ನು ಬಿಗಿದು ಪ್ರೆಷರ್ ಕುಕ್ಕರನ್ನೇ ತೂಗುಬಿಟ್ಟೆ. ಹೆಂಡತಿ ಅಡುಗೆಮನೆಯಿಂದ ಅದನ್ನು ಹುಡುಕಿಕೊಂಡು ಬಂದಳು.

"ಇದೇನ್ರೀ, ಕುಕ್ಕರ್ ನೇತಾಡ್ತಿದೆ?"

"ಭಾರದ ಪರೀಕ್ಷೆ."

"ಮೈಕು ಎಷ್ಟು ಭಾರ ಇರತ್ತೆ?"

"ಒಂದು ಸೌತೆಕಾಯಿಯಷ್ಟು ಇರಬಹುದು."

"ಹಾಗಾದ್ರೆ ಸೌತೆಕಾಯಿ ಕಟ್ಟಿ ನೋಡಿ. ನನ್ನ ಕುಕ್ಕರ್ ಕೊಡಿ."

"ನಿನಗೆ ಇಂಜಿನಿಯರಿಂಗ್ ಅರ್ಥ ಆಗಲ್ಲ."

"ನನಗೆ ಅಡುಗೆ ಆಗ್ಬೇಕಲ್ರೀ."

ಕುಕ್ಕರ್ ಹೋದ ಜಾಗಕ್ಕೆ ಇಸ್ತ್ರಿಪೆಟ್ಟಿಗೆ ಬಂತು. ತೋಳು ಬಾಗಿದ ಹಾಗೆಲ್ಲ ನಾನು ತಿರುಪಿನ ಕತ್ತು ಹಿಸುಕಿದೆ. ಒಮ್ಮೆ ಒಳಗಿಂದ 'ಕರಕ್' ಎಂಬ ಸದ್ದು ಕೇಳಿತು. ಬಿಗಿ ಕೂತ ಸದ್ದು ಅಂದುಕೊಂಡು ಹಿಗ್ಗಿದೆ. ಕೊನೆಗೆ ಅದು ಇಸ್ತ್ರಿಪೆಟ್ಟಿಗೆಯನ್ನು ಹೊತ್ತು ಅಲುಗದೆ ನಿಂತಾಗ ಕಾರ್ಖಾನೆಯಿಂದ ತಂದಿದ್ದ 'ಪರೀಕ್ಷಿಸಲಾಗಿದೆ' ಎಂಬ ಕೆಂಪು ಚೀಟಿಯನ್ನು ಅದರ ನೆತ್ತಿಗೆ ಅಂಟಿಸಿದೆ. ಇನ್ನೊಂದನ್ನು ಪೆಟ್ಟಿಗೆ ಸಮೇತ ಭಾವಮೈದುನನಿಗೆ ಒಪ್ಪಿಸಿ, "ಇದು ಪರೀಕ್ಷೆ ಆಗದ ಮಾಲು. ಏನಾದ್ರೂ ಆದ್ರೆ ನನ್ನ ಕೇಳ್ಬೇಡ," ಎಂದೆ. ಪಾಪ, ಅವನು ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡು ಹೋದ.

ಕಾರ್ಯಕ್ರಮದ ಸಂಜೆ ನಾನು ಮೊದಲ ಸಾಲಿನಲ್ಲಿ ಎದೆಯುಬ್ಬಿಸಿ ಕೂತಿದ್ದೆ. ಪಕ್ಕದ ಕುರ್ಚಿಯ ಹಿರಿಯರಿಗೆ ಬೆರಳು ಮಾಡಿ ತೋರಿಸಿ, "ಆ ಸ್ಟ್ಯಾಂಡು ನಮ್ಮದು," ಎಂದೆ.

"ಹಾಡ್ತಿರೋರು?"

"ಅವರೂ ನಮ್ಮವರೇ."

ಮೊದಲ ಚರಣ ಸೊಗಸಾಗಿ ಮುಗಿಯಿತು. ಎರಡನೆಯದಕ್ಕೆ ಮೈಕು ಅವಳ ಬಾಯಿ ಬಿಟ್ಟು ಗಲ್ಲಕ್ಕೆ ಬಂತು. ಅವಳು ಕತ್ತು ತಗ್ಗಿಸಿದಳು. ಮೈಕು ಎದೆಗೆ ಬಂತು. ಎರಡೂ ಕೈ ಗಿಟಾರಿನ ಮೇಲಿದ್ದುದರಿಂದ ಅವಳು ಸೊಂಟ ಬಗ್ಗಿಸಿದಳು. ಮೈಕು ಇನ್ನೂ ಇಳಿಯಿತು, ಅವಳು ಮೊಣಕಾಲು ಮಡಿಸಿದಳು. ಹಿರಿಯರು ನನ್ನ ಕಿವಿಯ ಹತ್ತಿರ ಬಂದು, "ಎಂಥಾ ಭಾವ ನೋಡಿ! ದುಃಖದ ಹಾಡು ಅಂದ್ರೆ ಹೀಗೆ ಕುಸಿದು ಹಾಡ್ಬೇಕು," ಎಂದರು. ಅವಳು ಹಾಡುತ್ತಿದ್ದದ್ದು ಬೆಳಗಾದ ಸಂತೋಷದ ಹಾಡು. ಅತ್ತ ಭಾವಮೈದುನನ ಸ್ಟ್ಯಾಂಡು ಮಾತ್ರ ಕಂಬದಂತೆ ನಿಂತಿತ್ತು.

ಮೈಕು ಗಿಟಾರಿಗಿಂತ ಕೆಳಗಿಳಿಯಿತು. ಬರೀ ತಂತಿಯ ಸದ್ದು ಉಳಿಯಿತು. ಹಿಂದಿನ ಸಾಲಿನಿಂದ ಯಾರೋ, "ಹಾಡು ಕೇಳಿಸ್ತಾ ಇಲ್ಲ," ಎಂದರು.

ಅದೇ ಮಾತು! ಅವಳು ನನ್ನತ್ತ ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ನಾನು ಕೂತಲ್ಲೇ ಕೂತಿರುತ್ತಿದ್ದೆನೇನೋ, ಆದರೆ ಅವಳ ಕಣ್ಣಲ್ಲಿ ನೀರು ತುಂಬಿತ್ತು. ನಾನು ಬಾಗಿಕೊಂಡು ವೇದಿಕೆಗೆ ಓಡಿ ತಿರುಪಿಗೆ ಕೈಹಾಕಿದೆ. ಅದು ಹಿಡಿತವೇ ಇಲ್ಲದೆ ಗಾಣದ ಹಾಗೆ ಸುತ್ತಿತು. ತಿರುಪು ಕಚ್ಚಿಕೊಳ್ಳುವ ಒಳಗಿನ ಗೆರೆಗಳು ಪೂರ್ತಿ ಸವೆದುಹೋಗಿದ್ದವು. ಬೇರೆ ದಾರಿ ಕಾಣದೆ ಮೈಕನ್ನು ಕಿತ್ತು, ಅವಳ ಮುಖಕ್ಕೆ ಅಡ್ಡವಾಗದಂತೆ ಮಂಡಿಯೂರಿ ಕೂತು, ಅವಳ ಬಾಯಿಗೆ ನೇರವಾಗಿ ಎತ್ತಿ ಹಿಡಿದೆ. ಅವಳು ಎದ್ದು ನಿಂತು ಬಿಟ್ಟಲ್ಲಿಂದ ಹಾಡನ್ನು ಎತ್ತಿಕೊಂಡಳು. ದನಿ ಹಿಂದಿನ ಗೋಡೆಯ ತನಕ ಹೋಯಿತು.

ಹಾಡು ಮುಗಿದು ಚಪ್ಪಾಳೆ ನಿಂತೊಡನೆ ಭಾವಮೈದುನ ಹತ್ತಿರ ಬಂದ. "ಅಕ್ಕಾ, ನನ್ನ ಸ್ಟ್ಯಾಂಡ್ ತಗೋ. ಇದು ಒಂಚೂರೂ ಅಲ್ಲಾಡಿಲ್ಲ."

"ಇರು," ಎಂದು ಅವಳು ನನ್ನತ್ತ ಬಗ್ಗಿ ಮೆಲ್ಲಗೆ ಕೇಳಿದಳು. "ರೀ, ನಿಮ್ಮ ಕಾರ್ಖಾನೇಲಿ ಪರೀಕ್ಷೆ ಮಾಡಿದ ಬೀಗಾನ ಆಮೇಲೆ ಏನ್ ಮಾಡ್ತೀರಿ?"

"ಗುಜರಿಗೆ ಹಾಕ್ತೀವಿ."

"ಗಿರಾಕಿಗೆ?"

"ಪರೀಕ್ಷೆ ಮಾಡದ್ದನ್ನ ಕೊಡ್ತೀವಿ."

"ಮತ್ತೆ ನನಗೆ?"

ಇಷ್ಟು ವರ್ಷ ದಿನಾ ಮಾಡುವ ಕೆಲಸ, ಮನೆ ಬಾಗಿಲು ದಾಟುವಾಗ ಮರೆತೇ ಹೋಗಿತ್ತು! ಅಷ್ಟರಲ್ಲಿ ಸಭಾಂಗಣವೆಲ್ಲ ಗೊಳ್ಳೆಂದು ನಕ್ಕಿತು. ಮೈಕು ನನ್ನ ಕೈಯಲ್ಲೇ ಇತ್ತು, ಆನ್ ಆಗಿಯೂ ಇತ್ತು. ಹಿರಿಯರಂತೂ ಎದ್ದು ನಿಂತು ನಗುತ್ತಿದ್ದರು. ಆ ನಗುವಿಗೆ ನನ್ನವಳೂ ನಕ್ಕಳು, ಅವಳ ಹೆದರಿಕೆ ಅಲ್ಲಿಗೇ ಬಿಟ್ಟುಹೋಯಿತು.

"ನಿನ್ನದು ನೀನೇ ಇಟ್ಕೋ," ಎಂದಳು ತಮ್ಮನಿಗೆ. "ನನಗೆ ಇದೇ ಚೆನ್ನಾಗಿದೆ."

ಹಾಡುಗಳ ಪಟ್ಟಿಯಲ್ಲಿ ಇಲ್ಲದ್ದನ್ನೂ ಸೇರಿಸಿ ಹಾಡಿದಳು. ಉದ್ದನೆಯ ಹಾಡುಗಳನ್ನೇ ಹುಡುಕಿ ಹಾಡಿದಳು. ಪಲ್ಲವಿಯನ್ನು ಮತ್ತೆ ಮತ್ತೆ ಹಾಡಿದಳು. ನನ್ನ ಮಂಡಿ ಮರಗಟ್ಟಿತು, ಮೂಗಿನ ತುದಿ ತುರಿಸಿತು, ತೋಳು ಸೋತಿತು. ಕೈ ಕೊಂಚ ತಗ್ಗಿದರೆ ಹುಬ್ಬು ಹಾರಿಸಿ ಮೇಲೆತ್ತಿಸುತ್ತಿದ್ದಳು. ಆದರೂ ಒಪ್ಪಿಕೊಳ್ಳುತ್ತೇನೆ, ಅವಳು ಅಷ್ಟು ಚೆನ್ನಾಗಿ ಹಾಡಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ, ಅಷ್ಟು ಹತ್ತಿರದಿಂದಂತೂ ಕೇಳಿರಲೇ ಇಲ್ಲ.

ಎಲ್ಲ ಮುಗಿದ ಮೇಲೆ ಪಕ್ಕದ ಬಡಾವಣೆಯ ಸಂಘದ ಅಧ್ಯಕ್ಷೆ ಅವಳನ್ನು ಹುಡುಕಿಕೊಂಡು ಬಂದರು. ನಾನು ನಮಸ್ಕರಿಸಲು ಹೋದೆ. ಒಂದು ಕೈ ಮಾತ್ರ ಬಂತು, ಇನ್ನೊಂದು ಮೈಕು ಹಿಡಿದ ಭಂಗಿಯಲ್ಲೇ ಸೆಟೆದು ನಿಂತಿತ್ತು.

"ಮುಂದಿನ ತಿಂಗಳು ನಮ್ಮಲ್ಲಿ ನೀವು ಹಾಡ್ಲೇಬೇಕು," ಎಂದ ಅಧ್ಯಕ್ಷೆ ನನ್ನತ್ತ ಬೆರಳು ಮಾಡಿದರು. "ಮೈಕೆಲ್ಲ ನಮ್ಮದೇ ಇದೆ. ಈ ಸ್ಟ್ಯಾಂಡೊಂದನ್ನ ಮಾತ್ರ ನೀವು ಕರ್ಕೊಂಡು ಬನ್ನಿ. ಇದು ಬಾಳಿಕೆ ಹೇಗೆ?"

ನನ್ನವಳು ಕೆಟ್ಟುಹೋದ ಸ್ಟ್ಯಾಂಡಿನ ನೆತ್ತಿಯಿಂದ ಕೆಂಪು ಚೀಟಿಯನ್ನು ನಾಜೂಕಾಗಿ ಕಿತ್ತು, ನನ್ನ ಅಂಗಿಯ ಜೇಬಿನ ಮೇಲೆ ಅಂಟಿಸಿ, ಅಂಗೈಯಿಂದ ಒತ್ತಿದಳು.

"ಮದುವೆಯಾದಾಗಿಂದ ನಾನೇ ಪರೀಕ್ಷೆ ಮಾಡ್ತಿದೀನಿ," ಎಂದಳು. "ಗುಜರಿಗೆ ಹಾಕೋ ಹಾಗೆ ಇನ್ನೂ ಆಗಿಲ್ಲ."