ಬಾಯ್ಲರ್ ಪಂಡಿತನೂ ಅತ್ತೆಯ ಕೋಣೆಯೂ

"ಈ ಚಳಿಗಾಲ ಗ್ಯಾಸ್ ಬಿಲ್ಲನ್ನ ಅರ್ಧಕ್ಕೆ ಇಳಿಸದಿದ್ರೆ ನನ್ನ ಹೆಸರು ದೊಕ್ಸು ಅಲ್ಲ!"

ಅಡುಗೆಮನೆಯ ನಟ್ಟನಡುವೆ ನಿಂತು ದೊಕ್ಸು ಹೀಗೆ ಘೋಷಿಸಿದ. ಕೊರಿಯಾದ ಚುಂಚೊನ್ ನಗರದ ನೀರಿನ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ದುಡಿದು ನಿವೃತ್ತನಾದ ಮಹಾನುಭಾವ ಅವನು. ಕೊಳವೆ, ವಾಲ್ವು, ಒತ್ತಡ ಮುಂತಾದ ಮಾತುಗಳು ಅವನ ಬಾಯಿಂದ ಮಂತ್ರದಂತೆ ಉದುರುತ್ತಿದ್ದವು. ಅಷ್ಟೂ ವರ್ಷ ಅವನು ಕೂತಿದ್ದು ಅರ್ಜಿ ತೆಗೆದುಕೊಳ್ಳುವ ಕೌಂಟರಿನಲ್ಲಿ ಎಂಬ ವಿಷಯವನ್ನು ಮಾತ್ರ ಯಾರೂ ಎತ್ತುವಂತಿರಲಿಲ್ಲ.

ಹೆಂಡತಿ ಇನ್‌ಸುಕ್ ಎತ್ತಿದಳು.

"ಬೊರಾ ಅಪ್ಪ, ನೀವು ಅರ್ಜಿಗೆ ಸೀಲ್ ಹೊಡೀತಿದ್ದವರು. ಸುಮ್ನೆ ಬಾಯ್ಲರ್ ತಂಟೆಗೆ ಹೋಗ್ಬೇಡಿ."

ಮಗಳು ಬೊರಾ ಮದುವೆಯಾಗಿ ಹೋಗಿ ಎರಡು ವರ್ಷವಾದರೂ ಹೆಂಡತಿಯ ಬಾಯಲ್ಲಿ ಅವನು ಬೊರಾ ಅಪ್ಪನೇ.

"ಸೀಲ್ ಹೊಡೀತಾ ಹೊಡೀತಾನೇ ಎಲ್ಲ ಕಲಿತದ್ದು ಕಣೇ."

"ಏನಾದ್ರೂ ಮಾಡ್ಕೊಳ್ಳಿ. ಆದ್ರೆ ನಾಳೆ ನಮ್ಮಮ್ಮ ಹತ್ತು ದಿನಕ್ಕೆ ಅಂತ ಬರ್ತಿದ್ದಾರೆ, ನೆನಪಿರಲಿ. ಅವರೇನಾದ್ರೂ ಚಳಿ ಅಂದ್ರೋ, ಅವರ ಜೊತೆ ನಾನೂ ಊರಿಗೆ ಹೊರಟೆ. ಮತ್ತೆ ಬರೋದು ಮಂಜು ಕರಗಿದ ಮೇಲೇ."

ಇನ್‌ಸುಕ್ ಆಡಿದ್ದನ್ನು ಮಾಡುವವಳು. ಅವಳಿಲ್ಲದಿದ್ದರೆ ಮನೆಯಲ್ಲಿ ಅಕ್ಕಿ ಡಬ್ಬ ಯಾವ ಮೂಲೆಯಲ್ಲಿದೆ ಎಂಬುದೂ ಅವನಿಗೆ ತಿಳಿಯದು. ಇನ್ನು ಅತ್ತೆಯೋ, ಮದುವೆಯಾಗಿ ಇಪ್ಪತ್ತೆಂಟು ವರ್ಷವಾದರೂ ಅಳಿಯನ ಬಗ್ಗೆ ಒಂದು ಒಳ್ಳೆಯ ಮಾತಾಡಿದವರಲ್ಲ. ತೀರಾ ಖುಷಿಯಾದರೆ "ಹೂಂ" ಅನ್ನುತ್ತಿದ್ದರು, ಅಷ್ಟೇ.

ಬಿಲ್ಲೂ ಇಳಿಯಬೇಕು, ಅತ್ತೆಯೂ ಬೆಚ್ಚಗಿರಬೇಕು. ದೊಕ್ಸು ಸಿಂಕಿನ ಕೆಳಗಿನ ಗೂಡಿಗೆ ತಲೆ ತೂರಿಸಿದ. ಬಾಯ್ಲರಿನ ಬಿಸಿನೀರನ್ನು ಒಂದೊಂದು ಕೋಣೆಯ ನೆಲದಡಿಗೆ ಹರಿಸುವ ನಾಲ್ಕು ವಾಲ್ವುಗಳು ಇರುವುದು ಅಲ್ಲೇ. ಮೂರನ್ನು ಬಿಗಿಯಾಗಿ ಮುಚ್ಚಿದ. ಅತ್ತೆಗೆಂದು ಅಣಿಮಾಡಿದ ಕೋಣೆಯದನ್ನು ಮಾತ್ರ ತೆರೆದಿಟ್ಟ. ಹಾಲಿನ ಗೋಡೆಯ ಮೇಲಿನ ಗುಂಡಿ ಒತ್ತಿ ಬಾಯ್ಲರನ್ನು ಎಂದಿನಂತೆ ಇಪ್ಪತ್ತು ಡಿಗ್ರಿಗೆ ಇಟ್ಟ. ಕಿಟಕಿಗಳಿಗೆಲ್ಲ ಗುಳ್ಳೆಗುಳ್ಳೆಯ ಪ್ಲಾಸ್ಟಿಕ್ ಹಾಳೆ ಅಂಟಿಸಿದ. ಗೂಡಿನಿಂದ ತಲೆ ಹೊರಗೆಳೆಯುವಾಗ ಹಣೆಯ ಮೇಲೊಂದು ಬುಗುಟೆ ಎದ್ದಿತ್ತು ನಿಜ, ಆದರೆ ವಿಜ್ಞಾನಕ್ಕಾಗಿ ಅಷ್ಟು ತ್ಯಾಗ ಮಾಡದಿದ್ದರೆ ಹೇಗೆ?

ಮರುದಿನ ಬೆಳಿಗ್ಗೆ ಅತ್ತೆ ಎರಡು ಡಬ್ಬ ಕಿಮ್ಚಿ ಉಪ್ಪಿನಕಾಯಿಯೊಂದಿಗೆ ಬಂದಿಳಿದರು. ಇನ್‌ಸುಕ್ ತಾಯಿಯನ್ನು ಕೋಣೆಯಲ್ಲಿ ಮಲಗಿಸಿ, ತಾನು ಕೂದಲು ಕತ್ತರಿಸುವ ಅಂಗಡಿಗೆ ಕೆಲಸಕ್ಕೆ ಹೋದಳು. ಅತ್ತೆ ಬಾಗಿಲು ಹಾಕಿಕೊಂಡರು. ಒಂದು ಗಂಟೆ ಬಿಟ್ಟು ದೊಕ್ಸು ಬಾಗಿಲ ಬಳಿ ಮೆಲ್ಲಗೆ ಕೆಮ್ಮಿದ.

"ಅತ್ತೆ, ನೆಲ ಹೇಗಿದೆ?"

"ತಂಪಾಗಿದೆ, ಅಳಿಯಂದಿರೇ."

ದೊಕ್ಸು ಬೆವರಿದ. ಬೆವರಿದ್ದು ಹೆದರಿಕೆಗೆ, ಯಾಕೆಂದರೆ ಹಾಲ್ ಆಗಲೇ ಐಸ್ ಪೆಟ್ಟಿಗೆಯಾಗಿತ್ತು. ಓಡಿಹೋಗಿ ಇಪ್ಪತ್ತೈದಕ್ಕೆ ಏರಿಸಿದ.

"ಈಗ ಹೇಗಿದೆ ಅತ್ತೆ?"

"ಇನ್ನೂ ತಂಪಾಯ್ತು."

ಮೂವತ್ತಕ್ಕೆ ಏರಿಸಿದ. ಕೊಳವೆಯಲ್ಲಿ ಗಾಳಿ ಸೇರಿರಬೇಕೆಂದು ತಿರುಪು ಸಡಿಲಿಸಿದ. ಗಾಳಿ ಬರಲಿಲ್ಲ, ನೀರು ನೇರ ಮುಖಕ್ಕೇ ಹಾರಿತು. ಹೊದಿಕೆಯನ್ನು ಸುರುಳಿ ಸುತ್ತಿ ಅತ್ತೆಯ ಬಾಗಿಲ ಸಂದಿಗೆ ತುರುಕಿದ. ಮೂವತ್ತೈದಕ್ಕೆ ಒಯ್ದ. ಕೊನೆಗೆ ಕಣ್ಣು ಮುಚ್ಚಿಕೊಂಡು ಮೂವತ್ತೆಂಟಕ್ಕೆ ಒತ್ತಿದ. ಹಿಂಬದಿಯ ಬಾಲ್ಕನಿಯಲ್ಲಿ ಬಾಯ್ಲರ್ ಗುಡುಗತೊಡಗಿತು, ಗ್ಯಾಸ್ ಮೀಟರಿನ ಅಂಕಿಗಳು ನೋಡನೋಡುತ್ತ ಓಡಿದವು.

"ಅತ್ತೆ, ಸಾಲ್ದಾ? ಇನ್ನೂ ಹೆಚ್ಚಿಸ್ಲಾ?"

"ಅಯ್ಯೋ, ಎಷ್ಟು ತಂಪು ಅಂತೀರಿ. ಮೂಳೆಮೂಳೆಗೂ ಇಳೀತು."

ಮುಗಿಯಿತು ಕಥೆ. ಮಂಜು ಕರಗುವವರೆಗೂ ಒಬ್ಬಂಟಿಯಾಗಿ ಕೂತು ಒಣ ನೂಡಲ್ಸ್ ಕಡಿಯುವ ತನ್ನ ಚಿತ್ರ ಕಣ್ಣೆದುರು ಬಂದು ದೊಕ್ಸುವಿಗೆ ಅಳುವೇ ಬಂತು.

ಸಂಜೆ ಇನ್‌ಸುಕ್ ಬಂದಾಗ ಗಂಡ ಕೋಟು, ಟೋಪಿ, ಎರಡು ಜೊತೆ ಕಾಲುಚೀಲ ಏರಿಸಿಕೊಂಡು ಹಾಲಿನಲ್ಲಿ ಮುದುಡಿ ಕೂತಿದ್ದ.

"ಏನ್ರೀ ಇದು ಅವತಾರ?"

"ನನ್ನ ಬಿಟ್ಟು ಹೋಗ್ಬೇಡ ಇನ್‌ಸುಕ್. ನನ್ನ ಕೈಲಾದದ್ದೆಲ್ಲ ಮಾಡಿದೆ. ನಿಮ್ಮಮ್ಮ ಬೆಳಗ್ಗೆಯಿಂದ ತಂಪು, ತಂಪು ಅಂತಲೇ ಇದ್ದಾರೆ."

ಇನ್‌ಸುಕ್ ಕೈಚೀಲ ಕೆಳಗಿಟ್ಟು ಅವನನ್ನೇ ದಿಟ್ಟಿಸಿದಳು.

"ರೀ, ಕುದಿಯೋ ಸೂಪು ಗಂಟಲಿಗೆ ಇಳಿದಾಗ ನೀವೇನಂತೀರಿ?"

"ತಂಪಾಯ್ತು ಅಂತೀನಿ."

"ಸ್ನಾನದ ಮನೇಲಿ ಹಬೆಯಾಡೋ ತೊಟ್ಟಿಗೆ ಕತ್ತಿನವರೆಗೂ ಇಳಿದು ಕೂತಾಗ?"

"ತಂ..." ಎಂದವನ ಬಾಯಿ ಅಲ್ಲೇ ನಿಂತಿತು. ಬಿಸಿ ಮೈಗೆ ಹಿತವಾಗಿ ಇಳಿದಾಗ ಅವರ ಕಡೆಯವರೆಲ್ಲ ಅನ್ನುವುದೇ "ತಂಪಾಯ್ತು" ಅಂತ. ಐವತ್ತೊಂಬತ್ತು ವರ್ಷ ತಾನೇ ಆಡಿಕೊಂಡು ಬಂದ ಮಾತು, ಹೆದರಿಕೆಯಲ್ಲಿ ಮರೆತೇಹೋಗಿತ್ತು.

ಇಬ್ಬರೂ ಅತ್ತೆಯ ಬಾಗಿಲು ಸರಿಸಿದರು. ಬಿಸಿಗಾಳಿ ಮುಖಕ್ಕೆ ರಪ್ಪನೆ ಬಡಿಯಿತು. ಕಿಟಕಿಯ ಗುಳ್ಳೆ ಹಾಳೆ ನೀಟಾಗಿ ಮಡಿಸಿಟ್ಟಿತ್ತು. ಹಾರುಹೊಡೆದ ಕಿಟಕಿಯಿಂದ ಮಂಜು ಒಳಗೆ ಬೀಳುತ್ತಿತ್ತು. ತೋಳಿಲ್ಲದ ಒಳಂಗಿಯಲ್ಲಿ, ಕೆಂಪಗೆ ಬೆಂದ ಮುಖದ ಅತ್ತೆ ಬಾಗಿಲಿಗೆ ಬೆನ್ನು ಹಾಕಿ ಕೂತು ಬೀಸಣಿಗೆ ಬೀಸಿಕೊಳ್ಳುತ್ತ ತಂಗಿಗೆ ಫೋನ್ ಮಾಡುತ್ತಿದ್ದರು.

"ನಮ್ಮ ಅಳಿಯ ಅಪ್ಪಟ ಚಿನ್ನ ಕಣೇ. ಬೆಳಗ್ಗೆಯಿಂದ ಬಾಗಿಲಲ್ಲೇ ನಿಂತು, ಅತ್ತೆ ಸಾಲ್ದಾ, ಇನ್ನೂ ಹೆಚ್ಚಿಸ್ಲಾ ಅಂತ ಕೇಳ್ತಿದ್ದಾರೆ. ಸಾಕು ಅಂದ್ರೆ ಎಲ್ಲಿ ನೊಂದ್ಕೊಳ್ತಾರೋ ಅಂತ ಕಿಟಕಿ ತೆಗೆದು ಕೂತಿದ್ದೀನಿ. ಹತ್ತು ದಿನ ಅಲ್ಲ, ಚಳಿಗಾಲ ಪೂರ್ತಿ ಇಲ್ಲೇ ಇರ್ತೀನಿ. ನೀನೂ ಬಂದುಬಿಡು."

ದೊಕ್ಸುವಿನ ಕಣ್ಣು ತುಂಬಿ ಬಂತು. ಇಪ್ಪತ್ತೆಂಟು ವರ್ಷ ಕಾದ ಮಾತು ಕೊನೆಗೂ ಕಿವಿಗೆ ಬಿದ್ದಿತ್ತು. ಆದರೂ ಕೈ ಕೇಳಬೇಕಲ್ಲ, ಅದು ಬಿಸಿ ಇಳಿಸಲು ಕಳ್ಳನಂತೆ ಗೋಡೆಯ ಗುಂಡಿಯತ್ತ ಸರಿಯಿತು. ಇನ್‌ಸುಕ್ ಆ ಕೈಯನ್ನು ಪಟ್ಟೆಂದು ಹಿಡಿದುಕೊಂಡಳು.

"ಮುಟ್ಟಿದ್ರೆ ನೋಡಿ ಮತ್ತೆ. ನಮ್ಮಮ್ಮನ ಮನಸ್ಸು ಕರಗೋದು ಮೂವತ್ತೆಂಟು ಡಿಗ್ರಿಗೆ ಅಂತ ಈಗ ಗೊತ್ತಾಯ್ತಲ್ಲ? ಇಷ್ಟು ವರ್ಷ ನೀವು ಇಪ್ಪತ್ತರಲ್ಲೇ ಇಟ್ಕೊಂಡು ಕೂತಿದ್ರಿ."